ಬೇಸಿಗೆಯ ಸಾವರ್‌ಡೋ: ಗಡಿಯಾರ ಬಿಡಿ, ಥರ್ಮಾಮೀಟರ್ ಹಿಡಿಯಿರಿ

ಸಾವರ್‌ಡೋ ಬ್ರೆಡ್ (ಅಂಗಡಿಯ ಯೀಸ್ಟ್ ಬದಲು ಹುಳಿ ಹಿಟ್ಟಿನಿಂದ ಹುದುಗಿಸುವ ಬ್ರೆಡ್) ಮಾಡುವ ವಿಧಾನ ಎಲ್ಲೇ ಓದಿದರೂ ಅದರ ಹಿಂದೆ 21ರಿಂದ 24 ಡಿಗ್ರಿಯ ತಣ್ಣನೆಯ ಅಡುಗೆಮನೆ ಇರುತ್ತದೆ. ನಮ್ಮಲ್ಲಿ ಏಪ್ರಿಲ್ ಬಂತೆಂದರೆ ಬೆಂಗಳೂರಿನ ಮಧ್ಯಾಹ್ನವೇ 34–35 ಡಿಗ್ರಿ. ಮಂಗಳೂರಿನಲ್ಲಿ ಅಷ್ಟೇ ಬಿಸಿಗೆ ಬೆವರಿಳಿಸುವ ಸೆಕೆಯೂ ಸೇರುತ್ತದೆ. ಕಲಬುರಗಿ, ರಾಯಚೂರಿನ ಕಡೆ 40 ದಾಟುವುದು ಮಾಮೂಲು. ಅಂಥ ಮನೆಯಲ್ಲಿ ಕುಳಿತು 'ಎಂಟು ಗಂಟೆ ಹುದುಗಲು ಬಿಡಿ' ಎಂಬ ಮಾತನ್ನು ಚಾಚೂ ತಪ್ಪದೆ ಪಾಲಿಸಿದರೆ, ಆಕಾರ ಕೊಡುವ ಬುಟ್ಟಿಗೆ ಹಾಕಲೂ ಬಾರದ ಅಂಟು ಮುದ್ದೆ ಸಿಗುತ್ತದೆ. ಬೇಸಿಗೆಯಲ್ಲಿ ಸಾವರ್‌ಡೋ ಆಗುವುದಿಲ್ಲ ಎಂದಲ್ಲ, ಚೆನ್ನಾಗಿಯೇ ಆಗುತ್ತದೆ. ಆದರೆ ಗಂಟೆ ಎಣಿಸುವುದನ್ನು ಬಿಟ್ಟು ಕಣಕದ ಬಿಸಿ ಅಳೆಯಬೇಕು. ಕಡ್ಡಿಯಂತಹ ತುದಿಯ ಡಿಜಿಟಲ್ ಥರ್ಮಾಮೀಟರ್ ಒಂದು, ಗ್ರಾಂ ತೋರಿಸುವ ತೂಕದ ಮೆಷಿನ್ ಒಂದು ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. (ಇಲ್ಲಿನ ಡಿಗ್ರಿಗಳೆಲ್ಲ ಸೆಲ್ಸಿಯಸ್.)

ಸೆಕೆಯಲ್ಲಿ ಕೆಡುವುದು ಏನು?

ಹತ್ತು ಡಿಗ್ರಿ ಏರಿದರೆ ಹುದುಗುವ ವೇಗ ಸುಮಾರಾಗಿ ಎರಡು ಪಟ್ಟಾಗುತ್ತದೆ. ಅಷ್ಟೇ ಆಗಿದ್ದರೆ ಸಮಯ ಅರ್ಧ ಮಾಡಿಕೊಂಡರೆ ಸಾಕಿತ್ತು. ನಿಜವಾದ ತೊಂದರೆ ಬೇರೆ. ಸ್ಟಾರ್ಟರ್‌ನಲ್ಲಿ (ಹುದುಗಿಸಲೆಂದು ಉಳಿಸಿಕೊಂಡ ಹುಳಿ ಹಿಟ್ಟು) ಎರಡು ಬಗೆಯ ಜೀವಿಗಳಿವೆ: ಗಾಳಿ ತುಂಬಿ ಉಬ್ಬಿಸುವ ಯೀಸ್ಟ್, ಹುಳಿ ಬರಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ. ಸಾವರ್‌ಡೋದಲ್ಲಿ ಸಾಮಾನ್ಯವಾಗಿ ಕಾಣುವ ಯೀಸ್ಟ್ 26–28 ಡಿಗ್ರಿಯಲ್ಲಿ ಚುರುಕಾಗಿರುತ್ತದೆ, 35ರ ಹತ್ತಿರ ಸೋಲುತ್ತದೆ. ಬ್ಯಾಕ್ಟೀರಿಯಾ ಮಾತ್ರ 32–34ರಲ್ಲಿ ಹುಲುಸಾಗಿ ಬೆಳೆಯುತ್ತವೆ. ಹಾಗಾಗಿ ಕಣಕ 32 ದಾಟಿದರೆ ಉಬ್ಬುವುದಕ್ಕಿಂತ ಹುಳಿಯುವುದೇ ಮುಂದಾಗುತ್ತದೆ. ಹುಳಿ ಹೆಚ್ಚಿದಷ್ಟೂ ಹಿಟ್ಟಿನಲ್ಲೇ ಇರುವ, ಪ್ರೋಟೀನ್ ಕತ್ತರಿಸುವ ಕಿಣ್ವಗಳು ಚುರುಕಾಗಿ, ಕಣಕವನ್ನು ಬಿಗಿಯಾಗಿ ಹಿಡಿದಿಡುವ ಗ್ಲುಟನ್ ಎಂಬ ಪ್ರೋಟೀನ್ ಜಾಲವನ್ನು ತುಂಡು ಮಾಡುತ್ತವೆ. ಮೊದಲು ಚೆಂಡಿನಂತೆ ನಿಂತಿದ್ದ ಕಣಕ ಎರಡು ಗಂಟೆಯಲ್ಲಿ ಹರಡಿಕೊಂಡು, ಮುಟ್ಟಿದರೆ ದಾರದಂತೆ ಕೈಗೆ ಅಂಟುವುದು ಇದೇ ಕಾರಣಕ್ಕೆ. ಆಮೇಲೆ ಎಷ್ಟು ಹಿಟ್ಟು ಸೇರಿಸಿದರೂ ಅದು ಮತ್ತೆ ಗಟ್ಟಿಯಾಗುವುದಿಲ್ಲ. ಹರಿದ ಜಾಲ ಹರಿದದ್ದೇ.

ಆದ್ದರಿಂದ ಗುರಿ ಒಂದೇ: ಕಲಸಿ ಮುಗಿದಾಗ ಕಣಕ 24–25 ಡಿಗ್ರಿ ಇರಬೇಕು, ಹುದುಗುವಾಗ 28 ದಾಟಬಾರದು.

ಸ್ಟಾರ್ಟರ್‌ನಿಂದ ಶುರು ಮಾಡಿ

ಬೇಸಿಗೆಯ ಮುಕ್ಕಾಲು ಪಾಲು ಸೋಲು ಕಣಕದಲ್ಲಲ್ಲ, ಹಿಂದಿನ ರಾತ್ರಿಯ ಡಬ್ಬಿಯಲ್ಲೇ ಆಗಿರುತ್ತದೆ. ಒಂದು ಪಾಲು ಹಳೆಯ ಸ್ಟಾರ್ಟರ್, ಒಂದು ಪಾಲು ಹಿಟ್ಟು, ಒಂದು ಪಾಲು ನೀರು ಎಂಬ ಅಳತೆ 33 ಡಿಗ್ರಿಯಲ್ಲಿ ಮೂರ್ನಾಲ್ಕು ಗಂಟೆಯಲ್ಲೇ ಉಬ್ಬಿ ಇಳಿದುಬಿಡುತ್ತದೆ. ರಾತ್ರಿ ಹತ್ತಕ್ಕೆ ಹಾಕಿಟ್ಟರೆ ಬೆಳಿಗ್ಗೆ ಕಾಣುವುದು ಹಸಿದು ಹುಳಿತು ನೀರಾದ ಸ್ಟಾರ್ಟರ್. ಅದನ್ನು ಕಣಕಕ್ಕೆ ಹಾಕಿದರೆ ಮೊದಲ ನಿಮಿಷದಿಂದಲೇ ಹುಳಿ ಸುರಿದ ಹಾಗೆ.

ಎರಡು ದಾರಿ ಇವೆ. ಮೊದಲನೆಯದು ಊಟ ಹೆಚ್ಚಿಸುವುದು: 5 ಗ್ರಾಂ ಸ್ಟಾರ್ಟರ್, 30 ಗ್ರಾಂ ಹಿಟ್ಟು, 30 ಗ್ರಾಂ ಫ್ರಿಜ್ ನೀರು. ರಾತ್ರಿ 25–27 ಡಿಗ್ರಿಗೆ ಇಳಿಯುವ ಊರಲ್ಲಿ ಇದು ನಸುಕಿನ ಹೊತ್ತಿಗೆ ತುತ್ತತುದಿಗೆ ಬಂದಿರುತ್ತದೆ. ರಾತ್ರಿಯೂ 30ರ ಮೇಲಿದ್ದರೆ 1:10:10 (ಸ್ಟಾರ್ಟರ್, ಹಿಟ್ಟು, ನೀರು) ಮಾಡಿ. ಎರಡನೆಯದು ಗಟ್ಟಿ ಸ್ಟಾರ್ಟರ್: 5 ಗ್ರಾಂ ಸ್ಟಾರ್ಟರ್, 50 ಗ್ರಾಂ ಹಿಟ್ಟು, 27 ಗ್ರಾಂ ನೀರು. ಚಪಾತಿ ಹಿಟ್ಟಿನಂತೆ ಉಂಡೆ ಕಟ್ಟಿ ಡಬ್ಬಿಯಲ್ಲಿಡಿ. ನೀರು ಕಡಿಮೆಯಾದರೆ ಹುಳಿ ಬರುವುದು ನಿಧಾನವಾಗುತ್ತದೆ, ತುದಿಗೆ ಬಂದ ಮೇಲೂ ಕುಸಿಯದೆ ಹೆಚ್ಚು ಹೊತ್ತು ನಿಲ್ಲುತ್ತದೆ. ಮಾರ್ಚ್‌ನಿಂದ ಮೊದಲ ಮಳೆಯವರೆಗೆ ಗಟ್ಟಿಯದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಗಟ್ಟಿಯದನ್ನು ಬಳಸುವಾಗ ಮೊದಲು ನೀರಿನಲ್ಲಿ ಚೂರು ಮಾಡಿ ಕಿವುಚಿಕೊಳ್ಳಬೇಕು.

ಹದ ನೋಡುವುದು ಹೀಗೆ: ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ ಗುರುತು ಮಾಡಿ. ಎರಡೂವರೆಯಿಂದ ಮೂರು ಪಟ್ಟು ಉಬ್ಬಿ, ಮೇಲ್ಭಾಗ ಇನ್ನೂ ಸ್ವಲ್ಪ ಗುಮ್ಮಟದಂತೆ ಇರುವಾಗಲೇ ಬಳಸಿ. ನಡು ತಗ್ಗಾಗಿ ಅಂಚಿನಲ್ಲಿ ಗೆರೆ ಬಿಟ್ಟಿದ್ದರೆ ಹೊತ್ತು ಮೀರಿದೆ. ಆ ಕ್ಷಣಕ್ಕೆ ಕಲಸಲು ಪುರುಸೊತ್ತಿಲ್ಲವೆಂದರೆ ಡಬ್ಬಿಯನ್ನು ಫ್ರಿಜ್‌ಗೆ ತಳ್ಳಿ. ಹಾಗೆ ಇಟ್ಟದ್ದನ್ನು ಆ ದಿನದ ಮಟ್ಟಿಗೆ ನೇರವಾಗಿ ಬಳಸಬಹುದು.

ನೇಲ್ ಪಾಲಿಶ್ ಒರೆಸುವ ದ್ರವದ ವಾಸನೆ, ಮೇಲೆ ಬೂದು ನೀರು, ಅದೇ ಅಳತೆಯಲ್ಲಿ ಕಲಸಿದ್ದರೂ ತೆಳ್ಳಗಾಗಿರುವುದು: ಈ ಮೂರೂ ಹಸಿವಿನ ಲಕ್ಷಣ, ರೋಗದವಲ್ಲ. 25 ಡಿಗ್ರಿಯ ಆಸುಪಾಸಿನಲ್ಲಿಟ್ಟು 1:10:10ರಂತೆ ಎರಡು ಮೂರು ಸಲ ಊಟ ಕೊಟ್ಟರೆ ಸರಿಹೋಗುತ್ತದೆ. ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ, ರೋಮದಂತಹ ಬೂಷ್ಟು ಕಂಡರೆ ಮಾತ್ರ ಮೇಲಿನದನ್ನು ತೆಗೆದು ಉಳಿಸಿಕೊಳ್ಳಲು ಹೋಗಬೇಡಿ, ಪೂರ್ತಿ ಚೆಲ್ಲಿ.

ಹಿಟ್ಟು

ಅಂಗಡಿಯ ಸಾದಾ ಮೈದಾದಲ್ಲಿ ಪ್ರೋಟೀನ್ ಶೇ 10ರ ಸುತ್ತಮುತ್ತ. ಚಳಿಗಾಲದಲ್ಲಿ ಹೇಗೋ ಸಂಭಾಳಿಸಬಹುದು, ಬೇಸಿಗೆಯ ಹುಳಿಗೆ ಅದು ತಡೆಯುವುದಿಲ್ಲ. ಪೊಟ್ಟಣದ ಹಿಂದೆ 100 ಗ್ರಾಂಗೆ 11.5ರಿಂದ 13 ಗ್ರಾಂ ಪ್ರೋಟೀನ್ ಎಂದಿರುವ ಬ್ರೆಡ್ ಹಿಟ್ಟು ಹುಡುಕಿ. ಸಿಗದಿದ್ದರೆ ಮೈದಾಗೆ ಶೇ 3–4ರಷ್ಟು ಗೋಧಿ ಗ್ಲುಟನ್ ಪುಡಿ ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಗಿರಣಿಯಲ್ಲಿ ಬೀಸಿಸಿದ ಗೋಧಿ ಹಿಟ್ಟು ರುಚಿಗೆ ಚೆನ್ನ, ಆದರೆ ಬೀಸುವ ಕಲ್ಲಿನ ಒತ್ತಡಕ್ಕೆ ಅದರ ಪಿಷ್ಟ ಹೆಚ್ಚು ಒಡೆದಿರುತ್ತದೆ. ಒಡೆದ ಪಿಷ್ಟ ಬೇಗ ಸಕ್ಕರೆಯಾಗುತ್ತದೆ, ಹುದುಗು ಇನ್ನೂ ಓಡುತ್ತದೆ. ಬೇಸಿಗೆಯಲ್ಲಿ ಅದನ್ನು ಹಿಟ್ಟಿನ ಸುಮಾರು ಹತ್ತನೇ ಒಂದು ಪಾಲಿಗೆ ನಿಲ್ಲಿಸಿ.

ಒಂದು ಬ್ರೆಡ್ಡಿಗೆ:

ಬ್ರೆಡ್ ಹಿಟ್ಟು – 400 ಗ್ರಾಂ
ಗೋಧಿ ಹಿಟ್ಟು – 50 ಗ್ರಾಂ
ನೀರು – 300 ಗ್ರಾಂ (ಕರಾವಳಿಯಲ್ಲಿ 290, ಅಲ್ಲಿನ ಹಿಟ್ಟು ಗಾಳಿಯ ತೇವ ಹೀರಿಕೊಂಡಿರುತ್ತದೆ)
ಸ್ಟಾರ್ಟರ್ – 45 ಗ್ರಾಂ
ಉಪ್ಪು – 10 ಗ್ರಾಂ

ಹಿಟ್ಟಿನ ತೂಕಕ್ಕೆ ಸಾಮಾನ್ಯವಾಗಿ ಹೇಳುವ ಶೇ 20ರ ಸ್ಟಾರ್ಟರ್ ಬದಲು ಇಲ್ಲಿ ಶೇ 10 ಇದೆ. ಉಪ್ಪು ಶೇ 2ಕ್ಕಿಂತ ತುಸು ಮೇಲಿದೆ, ಏಕೆಂದರೆ ಉಪ್ಪು ಹುದುಗನ್ನೂ ಕಿಣ್ವಗಳನ್ನೂ ಹಿಡಿದು ನಿಲ್ಲಿಸುತ್ತದೆ. ಶೇ 75–80 ನೀರಿನ ಕಣಕದ ಆಸೆಯನ್ನು ಮಳೆಗಾಲಕ್ಕೆ ಮುಂದೂಡಿ.

ನೀರಿನ ಲೆಕ್ಕ

ಕಣಕದ ಬಿಸಿಯನ್ನು ಹಿಡಿತಕ್ಕೆ ತರಲು ಇರುವ ಸುಲಭ ಸಾಧನ ನೀರು. ತೂಕಕ್ಕೆ ತೂಕ ನೋಡಿದರೆ ಹಿಟ್ಟಿಗಿಂತ ನೀರು ಎರಡು ಪಟ್ಟಿಗೂ ಹೆಚ್ಚು ಶಾಖ ಹಿಡಿಯುತ್ತದೆ, ಆದ್ದರಿಂದ ನೀರಿನ ಡಿಗ್ರಿ ಬದಲಿಸಿದರೆ ಕಣಕ ಕೂಡಲೇ ಮಾತು ಕೇಳುತ್ತದೆ. ಮೇಲಿನ ಅಳತೆಗೆ, ಕೈಯಲ್ಲಿ ಕಲಸುವುದಾದರೆ ಹೀಗೆ:

ನಸುಕಿನಲ್ಲಿ ಮನೆಯೂ ಹಿಟ್ಟೂ 26–27 ಇದ್ದರೆ 22–24 ಡಿಗ್ರಿಯ ನೀರು ಸಾಕು, ಐಸ್ ಬೇಡ. ಮನೆ 33 ಇದ್ದರೆ 15 ಡಿಗ್ರಿಯ ನೀರು. 38–40 ಇದ್ದರೆ 10 ಡಿಗ್ರಿಯದು. ಈ ಎರಡರಲ್ಲೂ ಕಲಸಿದ ಕೂಡಲೇ ಕಣಕ 21–23 ತೋರಿಸುತ್ತದೆ, ನಾದಿ ಮುಗಿಸುವಷ್ಟರಲ್ಲಿ ಕೈಬಿಸಿಗೂ ಮನೆಯ ಸೆಕೆಗೂ 24–25ಕ್ಕೆ ಬರುತ್ತದೆ.

ಎಷ್ಟು ಐಸ್ ಬೇಕು ಎಂದು ಅಂದಾಜು ಮಾಡಬೇಕಿಲ್ಲ. ನಲ್ಲಿ ನೀರಿನ ಡಿಗ್ರಿಯಿಂದ ಬೇಕಾದ ಡಿಗ್ರಿ ಕಳೆಯಿರಿ. ಬಂದದ್ದನ್ನು ಒಟ್ಟು ನೀರಿನ ತೂಕದಿಂದ ಗುಣಿಸಿ, ನಲ್ಲಿ ನೀರಿನ ಡಿಗ್ರಿಗೆ 80 ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಿ. 30 ಡಿಗ್ರಿಯ ನೀರನ್ನು 15ಕ್ಕೆ ಇಳಿಸಲು: 15 × 300 ÷ 110, ಅಂದರೆ 41 ಗ್ರಾಂ ಐಸ್. ಉಳಿದ 259 ಗ್ರಾಂ ನೀರು. ಐಸ್ ಪೂರ್ತಿ ಕರಗಿದ ಮೇಲೆಯೇ ಹಿಟ್ಟಿಗೆ ಹಾಕಿ. ಒಂದು ಎಚ್ಚರ: ತಾರಸಿಯ ಟ್ಯಾಂಕಿನಿಂದ ಮಧ್ಯಾಹ್ನ ಬರುವ ನೀರು ಮನೆಗಿಂತಲೂ ಬಿಸಿ ಇರುತ್ತದೆ, ಥರ್ಮಾಮೀಟರ್ ಅದ್ದಿ ನೋಡದೆ 30 ಎಂದುಕೊಳ್ಳಬೇಡಿ.

ಇನ್ನೊಂದು ಉಪಾಯ, ತೂಗಿದ ಹಿಟ್ಟನ್ನೇ ಹಿಂದಿನ ರಾತ್ರಿ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ಗೆ ಹಾಕುವುದು. ಹಿಟ್ಟು 8 ಡಿಗ್ರಿ ಇದ್ದರೆ ಸಾದಾ 30 ಡಿಗ್ರಿ ನೀರಿನಲ್ಲೇ ಕಣಕ 22–23ಕ್ಕೆ ಬರುತ್ತದೆ, ಐಸ್ ಕಿರಿಕಿರಿ ಇಲ್ಲ. ಹಿಟ್ಟಿಗೆ ಹುಳ ಬೀಳುವ ಕಾಲಕ್ಕೆ ಇದು ಅದಕ್ಕೂ ಮದ್ದು. ಆದರೆ ತಣ್ಣನೆ ಹಿಟ್ಟು, ಐಸ್ ನೀರು ಎರಡನ್ನೂ ಸೇರಿಸಿದರೆ ಕಣಕ 8–10 ಡಿಗ್ರಿಗೆ ಬಿದ್ದು ಗಂಟೆಗಟ್ಟಲೆ ಮಿಸುಕುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಕಲಸುವುದು, ಮಡಚುವುದು

ಹಿಟ್ಟು–ನೀರನ್ನು ಮಾತ್ರ ಕಲಸಿ ಒಂದೆರಡು ಗಂಟೆ ನೆನೆಯಲು ಬಿಡುವ ಪದ್ಧತಿ ಬೇಸಿಗೆಯಲ್ಲಿ ಬೇಡ. ಉಪ್ಪಿಲ್ಲದ ಬೆಚ್ಚನೆಯ ಹಿಟ್ಟಿನಲ್ಲಿ ಕಿಣ್ವಗಳಿಗೆ ಸುಗ್ಗಿ. ಸ್ಟಾರ್ಟರನ್ನು ನೀರಿನಲ್ಲಿ ಕದಡಿ, ಹಿಟ್ಟು, ಉಪ್ಪು ಎಲ್ಲವನ್ನೂ ಒಟ್ಟಿಗೇ ಕಲಸಿ. 20 ನಿಮಿಷ ಮುಚ್ಚಿಟ್ಟು ಐದಾರು ನಿಮಿಷ ಚೆನ್ನಾಗಿ ನಾದಿ. ತಣ್ಣನೆಯ ಊರಿನವರು ನಾದದೆಯೇ ಬರೀ ಮಡಚಿ ಬಲ ಬರಿಸುತ್ತಾರೆ, ಅವರಿಗೆ ಹೊತ್ತಿದೆ. ನಮಗೆ ಹೊತ್ತು ಕಡಿಮೆ, ಆದ್ದರಿಂದ ಬಲವನ್ನು ಮೊದಲೇ ಕೈಯಿಂದ ತುಂಬಬೇಕು. ನಾದಿದ ಕಣಕದ ಚೂರನ್ನು ಬೆರಳುಗಳ ನಡುವೆ ಎಳೆದರೆ ಹರಿಯದೆ ತೆಳು ಪರದೆಯಾಗಬೇಕು. ಆಮೇಲೆ ಅರ್ಧರ್ಧ ಗಂಟೆಗೆ ಒದ್ದೆ ಕೈಯಲ್ಲಿ ನಾಲ್ಕೂ ಬದಿಯಿಂದ ಎಳೆದು ಮಡಚಿ, ಮೂರು ಸಲ ಸಾಕು. ಪ್ರತಿ ಸಲವೂ ಥರ್ಮಾಮೀಟರ್ ಚುಚ್ಚಿ ನೋಡಿ. 28 ಮುಟ್ಟಿದ್ದರೆ ಪಾತ್ರೆಯನ್ನು 15–20 ನಿಮಿಷ ಫ್ರಿಜ್‌ನಲ್ಲಿಟ್ಟು ತೆಗೆಯಿರಿ.

ಇಡುವುದಕ್ಕೆ ನೇರ ಗೋಡೆಯ, ಮುಚ್ಚಳವಿರುವ ಎರಡು ಲೀಟರಿನ ಡಬ್ಬಿ ಒಳ್ಳೆಯದು. ಮೂರನೇ ಮಡಿಕೆಯ ನಂತರ ಮಟ್ಟಕ್ಕೆ ಟೇಪ್ ಅಂಟಿಸಿ. ಕಣಕದ ಒಂದು ಚೂರನ್ನು ಪುಟ್ಟ ಲೋಟದಲ್ಲಿಟ್ಟು ಅದರ ಉಬ್ಬು ನೋಡಿ ನಿರ್ಧರಿಸುವ ರೂಢಿಯೂ ಇದೆ. ಸೆಕೆಯಲ್ಲಿ ಅದನ್ನು ನಂಬಬೇಡಿ: ಚೂರು ಬೇಗ ಬಿಸಿಯಾಗಿ ದೊಡ್ಡ ಕಣಕಕ್ಕಿಂತ ಮುಂದೆ ಓಡಿರುತ್ತದೆ.

ಹುದುಗುವಾಗ ತಂಪಾಗಿಡುವುದು

ಇಲ್ಲಿ ಊರಿಗೊಂದು ನೀತಿ. ಬಯಲುಸೀಮೆಯ ಒಣ ಬಿಸಿಯಲ್ಲಿ ಡಬ್ಬಿಯನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟು, ಸುತ್ತ ಒದ್ದೆ ಹತ್ತಿ ಬಟ್ಟೆ ಸುತ್ತಿ, ಬಟ್ಟೆಯ ತುದಿ ನೀರಿಗೆ ತಾಗುವಂತೆ ಬಿಟ್ಟರೆ ನೀರು ಆರುತ್ತಾ ಡಬ್ಬಿ ತಂಪಾಗುತ್ತದೆ. ಫ್ಯಾನ್ ಹಾಕಿದರೆ ಇನ್ನೂ ಒಳ್ಳೆಯದು, ಮುಚ್ಚಳ ಮಾತ್ರ ಭದ್ರವಾಗಿರಲಿ, ಇಲ್ಲದಿದ್ದರೆ ಕಣಕದ ಮೇಲೆ ಒಣ ಹಪ್ಪಳೆ ಏಳುತ್ತದೆ. ಉಡುಪಿ, ಮಂಗಳೂರು, ಕಾರವಾರದಲ್ಲಿ ಇದೇ ಉಪಾಯ ಹೆಚ್ಚು ಫಲ ಕೊಡುವುದಿಲ್ಲ. ಗಾಳಿಯಲ್ಲೇ ತೇವ ತುಂಬಿರುವಾಗ ಬಟ್ಟೆಯ ನೀರು ಆರುವುದೆಲ್ಲಿ? ಅಲ್ಲಿಗೆ ಥರ್ಮೋಕೋಲ್ ಪೆಟ್ಟಿಗೆ ಸರಿ. ಒಂದು ಲೀಟರ್ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ, ಡಬ್ಬಿಗೆ ತಾಗದಂತೆ ಪೆಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿ. ಒಳಗೆ ಥರ್ಮಾಮೀಟರ್ ಇಟ್ಟು 24–26ಕ್ಕೆ ಹೊಂದಿಸಿ. 20ಕ್ಕೆ ಇಳಿದರೆ ಬಾಟಲಿ ಸ್ವಲ್ಪ ಹೊತ್ತು ಹೊರಗಿಡಿ. ಕಲಬುರಗಿಯ ಮೇ ತಿಂಗಳಿಗೂ ಪೆಟ್ಟಿಗೆಯೇ ಗತಿ.

ಬೆಂಗಳೂರು, ಮೈಸೂರಿನವರಿಗೆ ಪೆಟ್ಟಿಗೆಗಿಂತ ಸಲೀಸಾದದ್ದು ನಸುಕು. ಐದೂವರೆಗೆ ಕಲಸಿದರೆ ಸೆಕೆ ಏರುವ ಮೊದಲು, ಹತ್ತರ ಹೊತ್ತಿಗೆ, ಮೊದಲ ಹುದುಗು ಮುಗಿದಿರುತ್ತದೆ.

ಎಷ್ಟು ಉಬ್ಬಿದಾಗ ನಿಲ್ಲಿಸಬೇಕು ಎಂಬುದೇ ಬೇಸಿಗೆಯ ದೊಡ್ಡ ಪ್ರಶ್ನೆ. ತಂಪು ಕಾಲದಲ್ಲಿ ಶೇ 60–75 ಉಬ್ಬುವವರೆಗೆ ಕಾಯುತ್ತೇವೆ. ಬೇಸಿಗೆಯಲ್ಲಿ ಶೇ 30–40 ಆದ ಕೂಡಲೇ ನಿಲ್ಲಿಸಿ. ಮೇಲಿನ ಅಳತೆಯ ಕಣಕ ಡಬ್ಬಿಯಲ್ಲಿ 700 ಮಿಲಿ ಗುರುತಿನಲ್ಲಿದ್ದರೆ 950ರ ಹತ್ತಿರ ಬಂದಾಗ. ಕಡಿಮೆಯಾಯಿತು ಎನಿಸುತ್ತದೆ, ಕಡಿಮೆಯಲ್ಲ. 28 ಡಿಗ್ರಿಯ ಕಣಕದ ನಡುಭಾಗ ಫ್ರಿಜ್‌ನಲ್ಲಿ ತಣಿಯಲು ಗಂಟೆಗಳೇ ಬೇಕು, ಅಷ್ಟು ಹೊತ್ತೂ ಅದು ಉಬ್ಬುತ್ತಲೇ ಇರುತ್ತದೆ. ಡಬ್ಬಿ ಅಲುಗಿಸಿದರೆ ಕಣಕ ಮೊಸರಿನಂತೆ ತುಳುಕಬೇಕು, ಅಂಚು ಗೋಡೆಯಿಂದ ಸುಲಭವಾಗಿ ಬಿಡಬೇಕು, ಬದಿಯಲ್ಲಿ ಅಲ್ಲಲ್ಲಿ ಗುಳ್ಳೆ ಕಾಣಬೇಕು. ಮೇಲ್ಮೈ ತುಂಬ ದೊಡ್ಡ ಗುಳ್ಳೆ ಬರುವವರೆಗೆ ಕಾದರೆ ಕೈಮೀರುತ್ತದೆ.

ಆಕಾರ ಮತ್ತು ಫ್ರಿಜ್

ಹಲಗೆಗೆ ಹಿಟ್ಟು ಉದುರಿಸಿ, ಕಣಕ ಬೋರಲು ಹಾಕಿ, ಬಿಗಿಯಾಗಿ ಸುತ್ತಿ. ಎರಡು ಸಲ ಸುತ್ತುವ ನಡುವೆ 20–30 ನಿಮಿಷ ಬಿಡುವುದನ್ನು ಹತ್ತು ನಿಮಿಷಕ್ಕೆ ಇಳಿಸಿ. ಬೆತ್ತದ ಬುಟ್ಟಿ ನೋಡಲು ಚೆಂದ, ಆದರೆ ಅದು ಶಾಖವನ್ನು ಹೊರಬಿಡದೆ ಹಿಡಿದಿಡುತ್ತದೆ. ತೆಳು ಬಟ್ಟೆ ಹಾಸಿ ಅಕ್ಕಿ ಹಿಟ್ಟು ಸವರಿದ ಸ್ಟೀಲ್ ಬೋಗುಣಿಯಲ್ಲಿ ಕಣಕ ಬೇಗ ತಣಿಯುತ್ತದೆ, ಬೇಸಿಗೆಗೆ ಅದೇ ಮೇಲು. ಮೊದಲ 20 ನಿಮಿಷ ಫ್ರೀಜರ್‌ನಲ್ಲಿ, ಆಮೇಲೆ ಫ್ರಿಜ್‌ನ ತೀರ ತಣ್ಣಗಿನ ಜಾಗದಲ್ಲಿ 10ರಿಂದ 16 ಗಂಟೆ.

ಫ್ರಿಜ್ ನಿಜಕ್ಕೂ 4 ಡಿಗ್ರಿ ಇದೆಯೇ ಎಂದು ಒಮ್ಮೆ ಪರೀಕ್ಷಿಸಿ. ಒಂದು ಲೋಟ ನೀರು ರಾತ್ರಿಯಿಡೀ ಒಳಗಿಟ್ಟು ಬೆಳಿಗ್ಗೆ ಅಳೆಯಿರಿ. ಮಕ್ಕಳು ತಣ್ಣೀರಿಗೆಂದು ಗಳಿಗೆಗೊಮ್ಮೆ ಬಾಗಿಲು ತೆಗೆಯುವ ಕಾಲ ಇದು. 8–9 ಡಿಗ್ರಿ ಇರುವುದು ಅಪರೂಪವಲ್ಲ. ಅಷ್ಟಿದ್ದರೆ ಕಣಕ ಒಳಗೂ ಹುದುಗುತ್ತದೆ, ಎಂಟು ಗಂಟೆಗೇ ತೆಗೆದು ಬೇಯಿಸಿ. ಕರೆಂಟ್ ಹೋಗುವ ಊರಾದರೆ ಬೋಗುಣಿಯ ಪಕ್ಕ ಹೆಪ್ಪುಗಟ್ಟಿದ ಬಾಟಲಿಗಳನ್ನು ಇಟ್ಟಿರಿ.

ಬೇಯಿಸುವುದು

ಫ್ರಿಜ್‌ನಿಂದ ತೆಗೆದು ಕೋಣೆಯ ಬಿಸಿಗೆ ಬರಲು ಬಿಡಬೇಡಿ, ನೇರವಾಗಿ ಓವನ್‌ಗೆ. ಓಟಿಜಿ 250ಕ್ಕೆ ಇಟ್ಟು, ಮುಚ್ಚಳವಿರುವ ಎರಕದ ಕಬ್ಬಿಣದ ಪಾತ್ರೆಯನ್ನು ಒಳಗೇ 40 ನಿಮಿಷ ಕಾಯಿಸಿ. ಅದು ಕಾದ ಮೇಲೆಯೇ ಕಣಕ ಹೊರತೆಗೆದು ಬಟರ್ ಪೇಪರ್ ಮೇಲೆ ಬೋರಲು ಹಾಕಿ, ಹೊಸ ಬ್ಲೇಡಿನಿಂದ ಒಂದು ಸೆಂಟಿಮೀಟರ್ ಆಳಕ್ಕೆ ಒಂದೇ ಎಳೆತದಲ್ಲಿ ಗೀರಿ. ತಡಮಾಡಿದರೆ ತಣ್ಣನೆಯ ಕಣಕದ ಮೇಲೆ ಹನಿ ಕಟ್ಟಿ ಬ್ಲೇಡು ಅಂಟುತ್ತದೆ. ಮುಚ್ಚಿ 230ರಲ್ಲಿ 22 ನಿಮಿಷ, ತೆರೆದು 215ರಲ್ಲಿ 20 ನಿಮಿಷ. ನಡುಭಾಗ 96–98 ಡಿಗ್ರಿ ಮುಟ್ಟಿರಬೇಕು. ಸಣ್ಣ ಓಟಿಜಿಯಲ್ಲಿ ಮೇಲಿನ ಕಾಯಿಲ್ ಹತ್ತಿರವಿದ್ದು ನೆತ್ತಿ ಕರಕಲಾಗುವುದರಿಂದ ಕೆಳಗಿನ ರ‍್ಯಾಕ್ ಬಳಸಿ. ಕಬ್ಬಿಣದ ಪಾತ್ರೆ ಇಲ್ಲದವರು ಬ್ರೆಡ್ ಟಿನ್ ಮೇಲೆ ಅಷ್ಟೇ ದೊಡ್ಡ ಇನ್ನೊಂದು ಟಿನ್ ಕವುಚಬಹುದು, ಒಳಗಿನ ಆವಿ ಹೊರಹೋಗದಿದ್ದರೆ ಆಯಿತು.

ಕೈತಪ್ಪಿದರೆ

ಸುತ್ತಲು ಹೋದಾಗ ಕಣಕ ಹರಡಿ ಅಂಟುತ್ತಿದೆಯೆಂದರೆ ಆಕಾರದ ಆಸೆ ಬಿಡಿ. ಎಣ್ಣೆ ಸವರಿದ ತಟ್ಟೆಗೆ ಸುರಿದು, ಬೆರಳಿನಿಂದ ಕುಳಿ ಒತ್ತಿ, ಈರುಳ್ಳಿ, ಹಸಿಮೆಣಸು, ಕರಿಬೇವು ಉದುರಿಸಿ 230ರಲ್ಲಿ 22–25 ನಿಮಿಷ ಬೇಯಿಸಿದರೆ ಒಳ್ಳೆಯ ಫೊಕಾಚಿಯಾ (ಇಟಲಿಯ ಚಪ್ಪಟೆ ಬ್ರೆಡ್) ಆಗುತ್ತದೆ. ಅದಕ್ಕೂ ಬಾರದಷ್ಟು ನೀರಾಗಿದ್ದರೆ ಅಕ್ಕಿ ಹಿಟ್ಟು, ಜೀರಿಗೆ ಬೆರೆಸಿ ದೋಸೆ ಹುಯ್ಯಿರಿ.

ಬೆಂದ ಬ್ರೆಡ್ ಹೇಳುವ ಮಾತೂ ಇದೆ. ಚಪ್ಪಟೆಯಾಗಿ, ಒಳಗೆ ಸಣ್ಣ ಸಮ ರಂಧ್ರಗಳಿದ್ದು, ಬಣ್ಣವೇ ಬಾರದೆ ಮಂಕಾಗಿದ್ದರೆ ಹುದುಗು ಮೀರಿದೆ. ಕೆಂಪಾಗಲು ಬೇಕಾದ ಸಕ್ಕರೆಯೆಲ್ಲ ಖರ್ಚಾಗಿದೆ. ಚಪ್ಪಟೆಯೇ ಆದರೂ ಒಂದೆರಡು ದೊಡ್ಡ ಗುಹೆ, ಸುತ್ತ ಮೇಣದಂತಹ ಒತ್ತಾದ ಭಾಗ ಕಂಡರೆ ಹುದುಗು ಸಾಲದು. ಬೇಸಿಗೆಯಲ್ಲಿ ಹೆದರಿ ತೀರ ಬೇಗ ಫ್ರಿಜ್‌ಗೆ ಹಾಕಿದವರಿಗೆ ಇದು ಆಗುತ್ತದೆ. ಎರಡನ್ನೂ ಗುರುತಿಸದೆ ಪ್ರತಿ ಸಲವೂ ಸಮಯ ಕಡಿಮೆ ಮಾಡುತ್ತ ಹೋಗುವವರು ಬಹಳ. ಕತ್ತರಿಸಿದ ಒಳಮೈ ನೋಡಿಯೇ ಮುಂದಿನ ಸಲದ ಅಳತೆ ಬದಲಿಸಿ, ಒಂದು ಸಲಕ್ಕೆ ಒಂದನ್ನು ಮಾತ್ರ.

ಇಟ್ಟುಕೊಳ್ಳುವುದು

ಜಾಲರಿಯ ಮೇಲೆ ಎರಡು ಗಂಟೆ ಪೂರ್ತಿ ಆರಲಿ. ಬಿಸಿ ಇರುವಾಗಲೇ ಡಬ್ಬಿಗೆ ಹಾಕಿದರೆ ಕರಾವಳಿಯ ಸೆಕೆಯಲ್ಲಿ ಬೇಗನೆ ಬೂಷ್ಟು ಬರುತ್ತದೆ. ಬೇಸಿಗೆಯ ಬ್ರೆಡ್ಡಿಗೆ ಇನ್ನೊಂದು ಕೇಡೂ ಇದೆ. ಬೇಯಿಸಿದರೂ ಸಾಯದ ಬ್ಯಾಸಿಲಸ್ ಬೀಜಕಣಗಳು ಸೆಕೆಯಲ್ಲಿ ಎಚ್ಚೆತ್ತು ಒಳಮೈಯನ್ನು ಅಂಟಾಗಿಸುತ್ತವೆ. ತುಂಡು ಮುರಿದರೆ ಜೇಡರ ಎಳೆಯಂತೆ ನೂಲು ಏಳುತ್ತದೆ, ಅತಿಯಾಗಿ ಹಣ್ಣಾದ ಅನಾನಸಿನ ವಾಸನೆ ಬರುತ್ತದೆ. ಹಾಗಿದ್ದರೆ ತಿನ್ನಬೇಡಿ. ಸಾವರ್‌ಡೋದ ಹುಳಿ ಇದನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಆದರೂ ಒಂದು ಸಲ ಕಂಡರೆ ಹಲಗೆ, ಚಾಕು, ಡಬ್ಬಿಗಳನ್ನು ವಿನೆಗರ್ ಹಾಕಿ ಉಜ್ಜಿ ತೊಳೆಯಬೇಕು, ಹಳೆಯ ಹಿಟ್ಟನ್ನು ಬದಲಿಸಬೇಕು.

ಹೊರಗೆ ಒಂದು ದಿನ, ಬಯಲುಸೀಮೆಯಲ್ಲಾದರೆ ಎರಡು ದಿನ ಇಡಬಹುದು. ಫ್ರಿಜ್‌ನ 4 ಡಿಗ್ರಿಯಲ್ಲೇ ಬ್ರೆಡ್ ಎಲ್ಲಕ್ಕಿಂತ ಬೇಗ ಗಡುಸಾಗುವುದರಿಂದ ಅಲ್ಲಿ ಇಡಬೇಡಿ. ಹೋಳು ಮಾಡಿ ಫ್ರೀಜರ್‌ಗೆ ಹಾಕಿ, ಬೇಕಾದಾಗ ತೆಗೆದು ನೇರ ಕಾದ ಕಾವಲಿಯ ಮೇಲೆ ಎರಡೂ ಬದಿ ಬಿಸಿ ಮಾಡಿಕೊಳ್ಳಿ.